ಹಾರುವುದಿಲ್ಲ ಎನ್ನುವ ಹಕ್ಕು ಯಾರದು?



ಎಸ್ಟೇಟಿನಲ್ಲಿ ದುಡಿಯುವ ನಮಗೂ ವಿಮಾನ, ಹೆಲಿಕಾಪ್ಟರುಗಳಿಗೂ ಏನು ಸಂಬಂಧ ಎಂದು ಕೇಳುವವರುಂಟು. ಮಗನೋ ಅಳಿಯನೋ ಗಲ್ಫಿಗೆ ಹೋಗುವ ದಿನ ಬಿಟ್ಟರೆ ನಮ್ಮಲ್ಲಿ ಅದರ ಮಾತೇ ಇಲ್ಲ. ಹಾರಾಟದ ಭದ್ರತೆ ಹಾರುವವರ ಚಿಂತೆ, ನಮಗೇಕೆ ಎನ್ನುತ್ತಾರೆ. ಹಾಗೆ ಹೇಳುವವರು ಪೆರ್ಲದಿಂದ ಸ್ವರ್ಗ, ವಾಣಿನಗರದ ಕಡೆಗೆ ಒಮ್ಮೆ ಹೋಗಿ ಬರಲಿ. ಅಲ್ಲಿ ಹೆಲಿಕಾಪ್ಟರಿನ ಒಳಗೆ ಎಂದೂ ಕಾಲಿಡದ ಕುಟುಂಬಗಳು ಹೆಲಿಕಾಪ್ಟರಿನ ಹಾರಾಟಕ್ಕೆ ಇಂದಿಗೂ ಬೆಲೆ ತೆರುತ್ತಿವೆ. ಆಕಾಶದಲ್ಲಿ ಒಬ್ಬ ಮಾಡಿದ ತೀರ್ಮಾನ ನೆಲದ ಮೇಲಿದ್ದ ಸಾವಿರಾರು ಮಂದಿಯ ಹಣೆಬರಹವಾಯಿತು.

ಆದುದರಿಂದ ಈ ಸಂಚಿಕೆಯಲ್ಲಿ ಒಂದೇ ಪ್ರಶ್ನೆಯನ್ನು ನೇರವಾಗಿ ಕೇಳುತ್ತೇವೆ. ಕಂಪನಿಯೊಂದು ತನ್ನ ಕೆಲಸಕ್ಕಾಗಿ ವಿಮಾನವನ್ನೋ ಹೆಲಿಕಾಪ್ಟರನ್ನೋ ಹಾರಿಸುವಾಗ, "ಇಂದು ಹಾರಬಾರದು, ಇಲ್ಲಿ ಹಾರಬಾರದು" ಎಂದು ಹೇಳುವ ಹಕ್ಕು ಯಾರ ಕೈಯಲ್ಲಿರಬೇಕು?

ಎರಡು ಬಗೆಯ ಹಾರಾಟ

ಮೊದಲು ಒಂದು ವ್ಯತ್ಯಾಸವನ್ನು ತಿಳಿಯೋಣ. ಟಿಕೇಟು ಕೊಂಡು ಹತ್ತುವ ವಿಮಾನಕ್ಕೆ ವೇಳಾಪಟ್ಟಿ ಇದೆ, ಇಳಿಯಲು ವಿಮಾನ ನಿಲ್ದಾಣವಿದೆ, ದಾರಿಯುದ್ದಕ್ಕೂ ನೆಲದಿಂದ ನೋಡಿಕೊಳ್ಳುವವರಿದ್ದಾರೆ. ಅದನ್ನು ಹಾರಿಸುವವನಿಗೆ ಪ್ರಯಾಣಿಕರ ಮುಖ ಪರಿಚಯವಿಲ್ಲ. ಹವೆ ಕೆಟ್ಟಿದೆ, ಎರಡು ತಾಸು ತಡವಾಗುತ್ತದೆ ಎಂದರೆ ಪ್ರಯಾಣಿಕರು ಗೊಣಗಬಹುದು, ಅಷ್ಟೇ.

ಕಂಪನಿಗಳು, ನಿಗಮಗಳು, ಧನಿಕರು, ರಾಜಕೀಯ ನಾಯಕರು ತಮ್ಮ ಕೆಲಸಕ್ಕೆ ಹಾರಿಸುವ ಯಂತ್ರಗಳ ಸಂಗತಿ ಬೇರೆ. ಅಲ್ಲಿ ಹಣ ಕೊಡುವವನು ಹಿಂದಿನ ಆಸನದಲ್ಲಿ ಕುಳಿತಿರುತ್ತಾನೆ, ಇಲ್ಲವೆ ಕೆಳಗೆ ಮೈದಾನದಲ್ಲಿ ಗಡಿಯಾರ ನೋಡುತ್ತ ನಿಂತಿರುತ್ತಾನೆ. ಸಭೆಗೆ ತಡವಾಗುತ್ತದೆ, ಹೂ ಉದುರುವ ಮೊದಲು ಮದ್ದು ಬೀಳಬೇಕು, ಇಂದಿನ ಬಾಡಿಗೆ ವ್ಯರ್ಥವಾಗಬಾರದು ಎಂಬ ಒತ್ತಾಯ ಪೈಲಟಿನ ಕಿವಿಯ ಪಕ್ಕದಲ್ಲೇ ಇರುತ್ತದೆ. ಹಾರಾಟದ ಭದ್ರತೆಗೆ ಪೈಲಟೇ ಹೊಣೆ, ಕೊನೆಯ ಮಾತು ಅವನದು ಎಂದು ಕಾನೂನು ಹೇಳುತ್ತದೆ. ಆದರೆ ಅವನ ಸಂಬಳ ಬರುವುದು ಕಾನೂನಿನ ಪುಸ್ತಕದಿಂದಲ್ಲ. ಮೇಸ್ತ್ರಿಯ ಎದುರು "ಈ ಮರ ಹತ್ತಲಾರೆ, ಕೊಂಬೆ ಮುರಿದೀತು" ಎಂದು ಹೇಳಿದ ಕೆಲಸದವನಿಗೆ ಮರುದಿನ ಹಾಜರಿ ಸಿಗುವುದೋ ಇಲ್ಲವೋ ಎಂಬ ಭಯ ಹೇಗಿರುತ್ತದೆಂದು ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಸಮವಸ್ತ್ರ ಬೇರೆಯಾದ ಮಾತ್ರಕ್ಕೆ ಆ ಭಯ ಬೇರೆಯಾಗುವುದಿಲ್ಲ.

ಪಡ್ರೆಯ ಗುಡ್ಡೆಗಳ ಮೇಲೆ

ಈಗ ನಮ್ಮ ಊರಿಗೇ ಬರೋಣ. ಕೇರಳ ಸರ್ಕಾರದ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್‌ಗೆ ಕಾಸರಗೋಡು ಜಿಲ್ಲೆಯಲ್ಲಿ ಸುಮಾರು 4,600 ಹೆಕ್ಟೇರ್ ಗೇರು ತೋಟಗಳಿದ್ದವು. ಗೇರಿನ ಚಿಗುರನ್ನೂ ಹೂವನ್ನೂ ಹೀರಿ ಒಣಗಿಸುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ತನಕ, ವರ್ಷಕ್ಕೆ ಎರಡು ಮೂರು ಸಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮ ಆ ತೋಟಗಳ ಮಗ್ಗುಲಲ್ಲೇ ಇದೆ. ಗುಡ್ಡೆಯ ಮೇಲೆ ಗೇರು, ಗುಡ್ಡೆಯ ಬುಡದಲ್ಲಿ ಮನೆ, ಅಡಿಕೆ ತೋಟ, ಶಾಲೆ. ಗುಡ್ಡೆಯ ನೀರೆಲ್ಲ ಇಳಿದು ಸೇರುವುದು ಕೊಡೆಂಕಿರಿ ತೋಡಿಗೆ.

ಇಂಥ ಸಿಂಪಡಣೆಗೆ ನಿಯಮಗಳಿರಲಿಲ್ಲವೇ? ಇದ್ದವು. ಮರದ ತುದಿಯಿಂದ ಎರಡು ಮೂರು ಮೀಟರಿಗಿಂತ ಹೆಚ್ಚು ಎತ್ತರದಲ್ಲಿ ಹಾರಬಾರದು. ಜನರಿಗೆ ಮೊದಲೇ ತಿಳಿಸಬೇಕು. ಬಾವಿ, ಕೆರೆಗಳನ್ನು ಮುಚ್ಚಬೇಕು. ಸಿಂಪಡಿಸಿದ ಜಾಗದಲ್ಲಿ ದನಕರುಗಳನ್ನು ಮೇಯಲು ಬಿಡಬಾರದು.

ಎತ್ತರದ ನಿಯಮ ಏಕೆ ಇತ್ತೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಹೆಲಿಕಾಪ್ಟರಿನಿಂದ ಬೀಳುವ ಮದ್ದಿನಲ್ಲಿ ಕೂದಲೆಳೆಯಷ್ಟು ಸಣ್ಣ ಹನಿಗಳು ಬೇಕಾದಷ್ಟಿರುತ್ತವೆ. ಅಂಥ ಹನಿ ಗಾಳಿಯಲ್ಲಿ ಸೆಕೆಂಡಿಗೆ ಕಾಲು ಮೀಟರಿನಷ್ಟು ಮಾತ್ರ ಕೆಳಗಿಳಿಯುತ್ತದೆ. ಮೂರು ಮೀಟರ್ ಮೇಲಿನಿಂದ ಬಿಟ್ಟರೆ ಮರ ಮುಟ್ಟಲು ಸುಮಾರು 12 ಸೆಕೆಂಡು ಬೇಕು. ಗಂಟೆಗೆ 5 ಕಿಲೋಮೀಟರಿನ ಮೆಲುಗಾಳಿ, ಅಂದರೆ ನಾವು ನಡೆದುಹೋಗುವ ವೇಗದ ಗಾಳಿ, ಇದ್ದರೂ ಅಷ್ಟರೊಳಗೆ ಅದು 16-17 ಮೀಟರ್ ಆಚೆಗೆ ಸರಿಯುತ್ತದೆ. ಅದೇ ಹನಿಯನ್ನು 20 ಮೀಟರ್ ಮೇಲಿನಿಂದ ಬಿಟ್ಟರೆ ಇಳಿಯಲು 80 ಸೆಕೆಂಡು. ಆಗ ಅದು 110 ಮೀಟರ್ ಆಚೆ ಹೋಗಿರುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ದೂರವೂ ಎರಡರಷ್ಟು. ಇನ್ನೂ ಸಣ್ಣ ಹನಿಯಾದರೆ ಅದಕ್ಕಿಂತಲೂ ದೂರ. ತಗ್ಗಿನಲ್ಲಿ ಹಾರುವಾಗ ರೆಕ್ಕೆಯ ಗಾಳಿಯೇ ಹನಿಯನ್ನು ಕೆಳಗೆ ಒತ್ತುತ್ತದೆ. ಎತ್ತರದಲ್ಲಿ ಆ ಒತ್ತಡವೂ ನಮ್ಮ ಸಹಾಯಕ್ಕಿಲ್ಲ. ತೋಟದ ಬೇಲಿಯಿಂದ ನೂರು ಮೀಟರ್ ದೂರದಲ್ಲಿ ಏನಿತ್ತು? ಮನೆಯ ಅಂಗಳವಿತ್ತು, ಬಚ್ಚಲಿನ ಹಂಡೆಯಿತ್ತು, ಹಟ್ಟಿಯಿತ್ತು, ತೊಟ್ಟಿಲಿತ್ತು.

ನಿಯಮಕ್ಕಿಂತ ಎಷ್ಟೋ ಎತ್ತರದಿಂದ ಮದ್ದು ಬಿಟ್ಟರು ಎಂಬುದು ಈ ಹೋರಾಟದ ಉದ್ದಕ್ಕೂ ಊರವರು ಹೇಳುತ್ತ ಬಂದ ದೂರು. ಇಲ್ಲಿ ಪೈಲಟಿನ ಕೈಚಳಕವನ್ನು ಹಳಿಯುವವರು ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ನೆಲ ಗದ್ದೆಯಂತೆ ಸಮತಟ್ಟಾಗಿಲ್ಲ. ಗುಡ್ಡೆ ಏರುತ್ತದೆ, ತಟ್ಟನೆ ಕಣಿವೆಗೆ ಇಳಿಯುತ್ತದೆ, ನಡುವೆ ವಿದ್ಯುತ್ ತಂತಿ, ಕಾಡುಮರ. ಮರದ ತಲೆಗೆ ತಾಗುವಷ್ಟು ತಗ್ಗಿನಲ್ಲಿ ಇಂಥ ನೆಲದ ಮೇಲೆ ಯಂತ್ರ ಓಡಿಸುವುದು ಎಂಥ ನಿಪುಣನಿಗೂ ಪ್ರಾಣದ ಆಟ. ಆದುದರಿಂದ ಮೇಲೆ ಹಾರಿದರೆ ಪೈಲಟಿಗೆ ಕ್ಷೇಮ, ಊರಿಗೆ ಅಪಾಯ. ತಗ್ಗಿನಲ್ಲಿ ಹಾರಿದರೆ ಊರಿಗೆ ಅಪಾಯ ಸ್ವಲ್ಪ ಕಡಿಮೆ, ಪೈಲಟಿಗೆ ಮರಣಭಯ. ಎರಡನ್ನೂ ಏಕಕಾಲಕ್ಕೆ ಕಾಪಾಡುವ ಎತ್ತರ ಈ ಗುಡ್ಡೆಗಳ ಮೇಲೆ ಇರಲೇ ಇಲ್ಲ.

ಅಂಥಲ್ಲಿ ಸರಿಯಾದ ತೀರ್ಮಾನ ಒಂದೇ: ಹಾರದಿರುವುದು. ಈ ನೆಲ ಹೆಲಿಕಾಪ್ಟರಿನಿಂದ ಮದ್ದು ಬಿಡತಕ್ಕ ನೆಲವಲ್ಲ ಎಂದು ಮೊದಲ ವರ್ಷವೇ ಹೇಳಬೇಕಾಗಿತ್ತು. ಅದನ್ನು ಹೇಳಲು ವಿಜ್ಞಾನಿಯ ಅಗತ್ಯವಿರಲಿಲ್ಲ. ಒಂದು ಸಲ ಮೇಲಿನಿಂದ ಇಣುಕಿ ನೋಡಿದವನಿಗೆ ಸಾಕಿತ್ತು. ಆದರೂ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾರಾಟ ನಡೆಯಿತು. ಏಕೆಂದರೆ ಅಲ್ಲಿ ಭದ್ರತೆ ಎಂಬ ಮಾತಿಗೆ ಇದ್ದ ಅರ್ಥ ಯಂತ್ರದ ಭದ್ರತೆ ಮಾತ್ರ. ಹೆಲಿಕಾಪ್ಟರ್ ಕೆಡದೆ ಇಳಿಯಿತೆಂದರೆ ಆ ದಿನದ ಕೆಲಸ ಸುರಕ್ಷಿತವಾಗಿ ಮುಗಿಯಿತೆಂದು ಲೆಕ್ಕ. ಅದರಿಂದ ಬಿದ್ದದ್ದು ಎಲ್ಲಿ ಇಳಿಯಿತು ಎಂಬುದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಮುಚ್ಚಲಾಗದ ಸುರಂಗ

ಬಾವಿ, ಕೆರೆಗಳನ್ನು ಮುಚ್ಚಿಕೊಳ್ಳಿ ಎಂಬ ನಿಯಮವನ್ನು ಬರೆದವರು ನಮ್ಮ ಊರನ್ನು ಕಂಡವರೇ? ಇಲ್ಲಿ ಎಷ್ಟೋ ಮನೆಗಳಿಗೆ ನೀರು ಬರುವುದು ಗುಡ್ಡೆಯನ್ನು ಅಡ್ಡಕ್ಕೆ ಕೊರೆದ ಸುರಂಗದಿಂದ. ಸುರಂಗದ ಬಾಯಿಯಿಂದ ಹೊರಬಂದ ನೀರು ತೆರೆದ ಮಣ್ಣಿನ ಕೆರೆಗೆ ಬೀಳುತ್ತದೆ, ಅಲ್ಲಿಂದ ಕೊಡಕ್ಕೂ ತೋಟಕ್ಕೂ ಹೋಗುತ್ತದೆ. ಬಾವಿಗಾದರೆ ಮಡಲು ಹಾಸಬಹುದು. ಗುಡ್ಡೆಗೆ ಏನನ್ನು ಹಾಸುವುದು? ಹರಿಯುವ ತೋಡಿಗೆ ಯಾವ ಮುಚ್ಚಳ? ಪಾಲಿಸಲು ಸಾಧ್ಯವೇ ಇಲ್ಲದ ನಿಯಮವನ್ನು ಕಾಗದದಲ್ಲಿ ಬರೆದಿಟ್ಟು, ತಪ್ಪು ಕೆಳಗಿನವರದು, ಅವರು ಮುಚ್ಚಲಿಲ್ಲ ಎಂದು ಕೈತೊಳೆಯುವುದು ಯಾವ ನ್ಯಾಯ?

ಎಚ್ಚರಿಕೆಗಳು ಬರಲಿಲ್ಲವೆಂದೂ ಇಲ್ಲ. 1979ರಲ್ಲೇ ಪಡ್ರೆಯಲ್ಲಿ ಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳ ಬಗ್ಗೆ ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. ವಾಣಿನಗರದ ಡಾಕ್ಟರ್ ವೈ.ಎಸ್. ಮೋಹನಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದಲೇ ಬಂದ ಅಂಗವಿಕಲತೆ, ಕ್ಯಾನ್ಸರ್ ಅಸಹಜವಾಗಿ ಹೆಚ್ಚಿರುವುದನ್ನು ಕಂಡು ವರ್ಷಗಳ ಕಾಲ ಎಚ್ಚರಿಸಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ ತಮ್ಮ ಮನೆಯ ಮೇಲೆ ಬೀಳುತ್ತಿದ್ದ ವಿಷದ ವಿರುದ್ಧ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ 1998ರಲ್ಲಿ ತಾತ್ಕಾಲಿಕ ತಡೆಯಾಜ್ಞೆ ತಂದರು; 2000ದಲ್ಲಿ ನ್ಯಾಯಾಲಯ ಅದನ್ನು ಖಾಯಂ ಮಾಡಿತು. 2001ರಲ್ಲಿ ಕೇರಳ ಸರ್ಕಾರ ನೇಮಿಸಿದ ಅಚ್ಯುತನ್ ಸಮಿತಿ ಈ ತೋಟಗಳಲ್ಲಿ ಆಕಾಶದಿಂದ ಸಿಂಪಡಿಸುವುದನ್ನೇ ನಿಷೇಧಿಸಬೇಕೆಂದಿತು.

ಗಮನಿಸಿರಿ. "ಇಲ್ಲಿ ಹಾರಬಾರದು" ಎಂಬ ತೀರ್ಪನ್ನು ಕೊನೆಗೂ ತಂದವರು ಯಾರು? ಹಾರಿಸಿದವರಲ್ಲ, ಹಾರಲು ಹೇಳಿದವರಲ್ಲ, ಹಾರಾಟಕ್ಕೆ ಅನುಮತಿಯ ಮುದ್ರೆ ಒತ್ತಿದವರೂ ಅಲ್ಲ. ನೆಲದ ಮೇಲೆ ನಿಂತು ತಲೆಯೆತ್ತಿ ನೋಡಿದ ಒಬ್ಬ ಹೆಣ್ಣುಮಗಳು.

ಇಷ್ಟಕ್ಕೇ ಮುಗಿಯಲಿಲ್ಲ. ಗಡಿಯಾಚೆ ಕರ್ನಾಟಕದ ಗೇರು ಅಭಿವೃದ್ಧಿ ನಿಗಮವೂ ಇದೇ ದಾರಿ ಹಿಡಿದಿತ್ತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಅದೇ ಕಥೆ. ಕೊನೆಗೆ 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ತೊಡೆದುಹಾಕಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ಭಾರತದ ಸುಪ್ರೀಂ ಕೋರ್ಟು ಅದರ ತಯಾರಿ, ಮಾರಾಟ, ಬಳಕೆಯನ್ನು ದೇಶದಾದ್ಯಂತ ತಡೆಯಿತು.

ಈ ಎಲ್ಲ ರೋಗಗಳಿಗೂ ಆ ಮದ್ದೇ ಕಾರಣವೆಂದು ಸಿದ್ಧವಾಗಿಲ್ಲ ಎಂದು ವಾದಿಸುವ ವಿಜ್ಞಾನಿಗಳು ಇಂದಿಗೂ ಉಂಟು. ಅವರು ವಾದಿಸಲಿ. ನಮ್ಮ ಪ್ರಶ್ನೆ ಅವರ ಉತ್ತರಕ್ಕಾಗಿ ಕಾಯಬೇಕಾಗಿಲ್ಲ. ವಿಷ ಎಂದು ಬರೆದ ಡಬ್ಬಿಯ ದ್ರವವನ್ನು ಕುಡಿಯುವ ನೀರಿನ ಮೇಲೆ ಬೀಳುವಂತೆ ಹಾರಿಸಲು ಯಾರಿಗೂ ಹಕ್ಕಿರಲಿಲ್ಲ. ಕೆಂಪು ದೀಪ ದಾಟಿ ಬಸ್ಸು ಓಡಿಸಿದವನು, ಯಾರೂ ಸಾಯಲಿಲ್ಲವಲ್ಲ ಎಂದರೆ ತಪ್ಪು ಸರಿಯಾಗುವುದೇ?

ಅನುಭವ ಇದ್ದರೆ ಸಾಕೇ?

"ನಮ್ಮ ಪೈಲಟ್ ಬಹಳ ಅನುಭವಿ" ಎಂಬುದು ಎಲ್ಲ ಕಂಪನಿಗಳ ಸಿದ್ಧ ಉತ್ತರ. ಅನುಭವ ಬೇಕು, ನಿಜ. ಆದರೆ ಕೈಯ ಅನುಭವ ಒಂದು, ವಿವೇಕ ಇನ್ನೊಂದು. ಇದಕ್ಕೆ ನಮ್ಮ ಜಿಲ್ಲೆಯ ನೂರಾರು ಮನೆಗಳಿಗೆ ಗೊತ್ತಿರುವ ಒಂದು ದುರಂತ ಸಾಕ್ಷಿ. ಅದು ಕಂಪನಿಯ ಸ್ವಂತ ಹಾರಾಟವಲ್ಲ, ಟಿಕೇಟಿನ ವಿಮಾನ. ಎಲ್ಲ ಕಾವಲುಗಳಿದ್ದ ಕಡೆಯೇ ಹೀಗಾದರೆ ಕಾವಲಿಲ್ಲದ ಕಡೆ ಏನಾದೀತು ಎಂದು ತಿಳಿಯಲಿಕ್ಕಾಗಿ ಹೇಳುತ್ತೇವೆ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಗುಡ್ಡದಂಚಿನಿಂದ ಕೆಳಗುರುಳಿತು. 166 ಮಂದಿಯಲ್ಲಿ 158 ಮಂದಿ ಸತ್ತರು. ಬದುಕಿದವರು 8 ಮಂದಿ. ಸತ್ತವರಲ್ಲಿ ಕಾಸರಗೋಡಿನವರು, ದಕ್ಷಿಣ ಕನ್ನಡದವರು ಬಹಳ. ವಿಮಾನದ ಕ್ಯಾಪ್ಟನಿಗೆ 10,000 ಗಂಟೆಗೂ ಮೀರಿದ ಹಾರಾಟದ ಅನುಭವವಿತ್ತು. ಆದರೆ ಹಾರಾಟದ ಬಹುಪಾಲು ಅವನು ನಿದ್ರೆಯಲ್ಲಿದ್ದನೆಂದೂ, ಎದ್ದ ಮೇಲೂ ಆ ಮಂಪರು ಬಿಟ್ಟಿರಲಿಲ್ಲವೆಂದೂ ವಿಚಾರಣಾ ಸಮಿತಿ ಕಂಡುಕೊಂಡಿತು. ವಿಮಾನ ಇಳಿಯಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ, ಬಹಳ ವೇಗದಲ್ಲಿ ಬರುತ್ತಿತ್ತು. ಪಕ್ಕದಲ್ಲಿದ್ದ ಸಹಪೈಲಟ್ ಮೂರು ಬಾರಿ, ಇಳಿಯುವುದು ಬೇಡ, ಮೇಲೆತ್ತಿ ಮತ್ತೆ ಸುತ್ತಿ ಬರೋಣ ಎಂದನು. ಯಂತ್ರವೂ ಎಚ್ಚರಿಕೆಯ ದನಿ ಕೊಟ್ಟಿತು. ಕ್ಯಾಪ್ಟನ್ ಕೇಳಲಿಲ್ಲ. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ನೆಲಕ್ಕೆ ತಾಗಿತು.

ಮೂರು ಬಾರಿ ಹೇಳಿದ ಆ ಮಾತು ಸರಿಯಾದ ಮಾತಾಗಿತ್ತು. ಅದು ಮೇಲಿನವನ ಬಾಯಿಂದ ಬರಲಿಲ್ಲ, ಕೆಳಗಿನವನ ಬಾಯಿಂದ ಬಂತು. ಆದ್ದರಿಂದಲೇ ಅದಕ್ಕೆ ತೂಕ ಬರಲಿಲ್ಲ. ಬಂಧುಗಳೇ, ಈ ರೋಗ ವಿಮಾನದಲ್ಲಿ ಮಾತ್ರ ಇದೆಯೇ?

ಇನ್ನು ಕಾವಲು ಕಡಿಮೆ ಇರುವ ಹಾರಾಟಗಳನ್ನು ನೋಡಿರಿ. 2002ರ ಮಾರ್ಚ್ 3ರಂದು ಲೋಕಸಭೆಯ ಸ್ಪೀಕರ್ ಜಿ.ಎಂ.ಸಿ. ಬಾಲಯೋಗಿಯವರನ್ನು ಭೀಮಾವರಂನಿಂದ ಹೈದರಾಬಾದಿಗೆ ಒಯ್ಯುತ್ತಿದ್ದ ಖಾಸಗಿ ಹೆಲಿಕಾಪ್ಟರ್ ಮುಂದಿನ ದಾರಿ ಸರಿಯಾಗಿ ಕಾಣದ ಹವೆಯಲ್ಲಿ ಕೈಕಲೂರಿನ ಬಳಿ ಬಿದ್ದು ಅವರು ತೀರಿಕೊಂಡರು. ನಮ್ಮ ಕನ್ನಡದ ನಟಿ ಸೌಂದರ್ಯ 2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆಂದು ಬೆಂಗಳೂರಿನ ಜಕ್ಕೂರಿನಿಂದ ಖಾಸಗಿ ಪುಟ್ಟ ವಿಮಾನದಲ್ಲಿ ಹೊರಟು, ಮೇಲೆದ್ದ ಕೆಲವೇ ನಿಮಿಷಗಳಲ್ಲಿ ಸಂಗಡಿಗರೊಂದಿಗೆ ಸತ್ತರು. 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರ ಸರ್ಕಾರಿ ಹೆಲಿಕಾಪ್ಟರ್ ನಲ್ಲಮಲ ಕಾಡಿನಲ್ಲಿ ಬಿತ್ತು. ಕೊನೆಯ ಕೆಲವು ನಿಮಿಷಗಳಲ್ಲಿ ಇಬ್ಬರೂ ಪೈಲಟುಗಳು ಎಣ್ಣೆಯ ಒತ್ತಡದ ಒಂದು ದೋಷಕ್ಕೆ ಕೈಪಿಡಿಯಲ್ಲಿ ಉತ್ತರ ಹುಡುಕುವುದರಲ್ಲೇ ಮುಳುಗಿದ್ದರು, ಹೊರಗೆ ಹವೆ ಕೆಟ್ಟಿತ್ತು ಎಂದು ವಿಚಾರಣೆ ಹೇಳಿತು.

ಇವರಲ್ಲಿ ಯಾರೂ ನಮ್ಮಂಥ ಬಡವರಲ್ಲ. ಆದರೂ ಅವರ ಹಣ, ಅಧಿಕಾರಗಳು ಅವರನ್ನು ಕಾಪಾಡಲಿಲ್ಲ. ಕಾರ್ಯಕ್ರಮ ಗೊತ್ತಾಗಿದೆ, ಜನ ಕಾದಿದ್ದಾರೆ ಎಂಬ ಅವಸರಕ್ಕೆ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ಪೈಲಟಿನ "ಬೇಡ" ಎಂಬ ಮಾತಿಗೆ ಬೆಲೆಯಿಲ್ಲದ ಕಡೆ ಒಳಗೆ ಕುಳಿತ ಧಣಿಗೂ ಕ್ಷೇಮವಿಲ್ಲ, ಕೆಳಗೆ ನಿಂತ ಕೂಲಿಗೂ ಕ್ಷೇಮವಿಲ್ಲ.

ಇದು ಇಂದಿನ ಸಂಗತಿಯೂ ಅಲ್ಲ. ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯದ ಹಡಗನ್ನು ನೆನೆಯಿರಿ. ಚಳಿಗಾಲ ಹತ್ತಿರವಾಗಿತ್ತು. ಈಗ ಹೊರಟರೆ ಸರಕಿಗೂ ಪ್ರಾಣಕ್ಕೂ ಹಾನಿ ಎಂದು ಕೈದಿಯಾಗಿದ್ದ ಪೌಲನು ಎಚ್ಚರಿಸಿದನು. ಶತಾಧಿಪತಿಯು ಯಾರ ಮಾತು ನಂಬಿದನು? ಹಡಗು ನಡಿಸುವವನದು, ಹಡಗಿನ ಒಡೆಯನದು. ನಡಿಸುವವನಿಗೆ ಅನುಭವವಿತ್ತು, ಒಡೆಯನಿಗೆ ಸರಕಿತ್ತು, ಪೌಲನಿಗೆ ಸಂಕೋಲೆಯಿತ್ತು. ಹಡಗು ಒಡೆಯಿತು. ಅದರಲ್ಲಿದ್ದ 276 ಮಂದಿ ಹಲಗೆ ಹಿಡಿದೋ ಈಜಿಯೋ ದಡ ಸೇರಿದ್ದು ದೇವರ ದಯೆ, ಒಡೆಯನ ಜಾಣತನದಿಂದಲ್ಲ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಅಪಘಾತವಾದ ಮರುದಿನ ಪತ್ರಿಕೆಗಳಲ್ಲಿ "ಪೈಲಟಿನ ತಪ್ಪು" ಎಂದು ಬರುತ್ತದೆ. ತಪ್ಪು ಇರಬಹುದು, ಇಲ್ಲವೆನ್ನುವುದಿಲ್ಲ. ಸತ್ತವನು ಎದ್ದು ಬಂದು ಉತ್ತರ ಕೊಡಲಾರ ಎಂಬುದೂ ನಿಜ. ಆದರೆ ಅಂದು ಹೊರಡಲೇಬೇಕೆಂದು ದಿನ ಗೊತ್ತುಮಾಡಿದವರು ಯಾರು? ದಣಿದವನನ್ನು ರಾತ್ರಿಯ ಪಾಳಿಗೆ ಹಾಕಿದವರು ಯಾರು? ಹವೆ ಕೆಟ್ಟಿದೆ ಎಂದು ಹಿಂದಿನ ಸಲ ಹಾರದೆ ನಿಂತವನನ್ನು ಹೇಗೆ ನಡೆಸಿಕೊಂಡರು? ಈ ಪ್ರಶ್ನೆಗಳು ಯಂತ್ರದ ಅವಶೇಷದಡಿಯಲ್ಲೇ ಹೂತುಹೋಗುತ್ತವೆ. ಪೈಲಟ್ ದೊಡ್ಡ ಸಂಬಳದವನಿರಬಹುದು, ಆದರೂ ಅವನು ದುಡಿಮೆಗಾರ; ಒಡೆಯನಲ್ಲ. ಅವನನ್ನು ಬೈದು ಸುಮ್ಮನಾದರೆ ಒಡೆಯನಿಗೆ ಅದರಷ್ಟು ಲಾಭದ ಸಂಗತಿ ಬೇರೊಂದಿಲ್ಲ.

ಪಡ್ರೆಯ ಮೇಲೆ ಹಾರಿದವರ ಹೆಸರು ನಮಗೆ ಬೇಕಾಗಿಲ್ಲ. ಹೆಲಿಕಾಪ್ಟರಿಗೆ ಮದ್ದು ಕಲಸಿ ತುಂಬಿಕೊಟ್ಟವರೂ ನಮ್ಮಂಥ ಕೂಲಿಗಳೇ. ವಿಷ ಮೊದಲು ತಾಗಿದ್ದು ಅವರ ಕೈಗೆ. ಹೊಣೆ ಹೊರಬೇಕಾದದ್ದು ಹಾರಲು ಹೇಳಿದ ಸಂಸ್ಥೆ, ಅದನ್ನು ಕಂಡೂ ಕಾಣದಂತಿದ್ದ ಇಲಾಖೆಗಳು.

ಆ ಹೊಣೆಯನ್ನು ಹೇಗೆ ಹೊತ್ತರು ನೋಡಿರಿ. 2010ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪರಿಹಾರ ಕೊಡಿರೆಂದು ಶಿಫಾರಸು ಮಾಡಿತು. 2017ರ ಜನವರಿ 10ರಂದು ಸುಪ್ರೀಂ ಕೋರ್ಟು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆಜ್ಞೆ ಮಾಡಿತು. ಮೂರು ತಿಂಗಳು ಹೋಗಿ ಐದು ವರ್ಷ ಕಳೆದವು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದ ಲೆಕ್ಕ ಏನು? 3,704 ಮಂದಿಯಲ್ಲಿ ಹಣ ಮುಟ್ಟಿದ್ದು 8 ಮಂದಿಗೆ! ಅದೂ ನ್ಯಾಯಾಲಯಕ್ಕೆ ದೂರು ಕೊಂಡೊಯ್ದವರಿಗೆ. ನ್ಯಾಯಾಧೀಶರು ಛೀಮಾರಿ ಹಾಕಿದ ಮೇಲೆಯೇ ಉಳಿದವರ ಕಡತ ಅಲುಗಾಡಿತು. ಹಾರಾಟಕ್ಕೆ ಇದ್ದ ಅವಸರ ಪರಿಹಾರಕ್ಕೆ ಏಕಿರಲಿಲ್ಲ? ಹೆಲಿಕಾಪ್ಟರ್ ಒಂದು ದಿನ ತಡವಾಗಿ ಬಂದಿದ್ದರೆ ಎಷ್ಟು ಫೋನು ಹೋಗುತ್ತಿದ್ದವು! ಹಾಸಿಗೆಯಿಂದ ಏಳಲಾರದ ಮಗುವಿನ ತಾಯಿ ಐದು ವರ್ಷ ಕಾದಾಗ ಯಾವ ಫೋನೂ ಹೋಗಲಿಲ್ಲ.

ಈಗ ಡ್ರೋನ್ ಬಂದಿದೆ

ಇದೆಲ್ಲ ಹಳೆಯ ಕಥೆ, ಎಂಡೋಸಲ್ಫಾನ್ ಹೋಯಿತು, ಹೆಲಿಕಾಪ್ಟರೂ ಹೋಯಿತು ಎನ್ನಬೇಡಿ. ಈಗ ಡ್ರೋನ್ ಬಂದಿದೆ. ಬೆಳೆಗೆ ಡ್ರೋನಿನಿಂದ ಮದ್ದು ಬಿಡುವ ಕ್ರಮದ ಬಗ್ಗೆ ಕೇಂದ್ರದ ಕೃಷಿ ಇಲಾಖೆ 2021ರ ಡಿಸೆಂಬರಿನಲ್ಲಿ ವಿಧಿಗಳನ್ನು ಪ್ರಕಟಿಸಿತು. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಯೋಜನೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ನಡೆಸುವವಳಿಗೆ 15 ದಿನಗಳ ತರಬೇತಿ: 5 ದಿನ ಹಾರಿಸುವುದು, 10 ದಿನ ಕೃಷಿಯ ಕೆಲಸ.

ಡ್ರೋನನ್ನು ನಾವು ವಿರೋಧಿಸುವುದಿಲ್ಲ. ಎತ್ತರದ ಅಡಿಕೆ ಮರ ಹತ್ತಿ ಮದ್ದು ಬಿಡುವಾಗ ಬಿದ್ದು ಸೊಂಟ ಮುರಿದುಕೊಂಡವರು ನಮ್ಮಲ್ಲಿ ಎಷ್ಟಿಲ್ಲ? ಬೆನ್ನಿನ ಮೇಲೆ ಡಬ್ಬಿ ಹೊತ್ತು ವಿಷದ ಗಾಳಿ ಕುಡಿಯುವವರು ಎಷ್ಟಿಲ್ಲ? ಯಂತ್ರ ಆ ಕಷ್ಟ ತಪ್ಪಿಸುವುದಾದರೆ ಒಳ್ಳೆಯದೇ. ಡ್ರೋನ್ ಮರದ ಹತ್ತಿರಕ್ಕೇ ಇಳಿಯಬಲ್ಲುದು, ಅದರೊಳಗೆ ಪ್ರಾಣಭಯಕ್ಕೆ ಒಳಗಾಗುವ ಮನುಷ್ಯನಿಲ್ಲ ಎಂಬುದೂ ನಿಜ.

ಆದರೆ ಒಳಗೆ ಮನುಷ್ಯನಿಲ್ಲದ ಯಂತ್ರಕ್ಕೆ ಸ್ವಂತ ಜೀವದ ಭಯವೂ ಇಲ್ಲ. ಹೆಲಿಕಾಪ್ಟರಿನ ಪೈಲಟ್ ಬಿರುಗಾಳಿ ಕಂಡರೆ ತನ್ನ ಪ್ರಾಣಕ್ಕಾದರೂ ಹೆದರಿ ಇಳಿಸುತ್ತಿದ್ದ. ಡ್ರೋನ್ ನಡೆಸುವವಳು ಗಾಳಿ ಎದ್ದಾಗ ಏನು ಮಾಡಬೇಕು? ವಿಧಿಯಲ್ಲಿ ಗಾಳಿಯ ಬಗ್ಗೆ, ಮನೆಗಳಿಂದ ಇರಬೇಕಾದ ದೂರದ ಬಗ್ಗೆ ಬರೆದಿದ್ದಾರೆ. ಹೆಲಿಕಾಪ್ಟರಿನ ಕಾಲದಲ್ಲೂ ಬರೆದಿದ್ದರು. ತೋಟದ ಯಜಮಾನ "ಇವತ್ತೇ ಮುಗಿಸು, ನಾಳೆ ಬೇರೆ ಕಡೆ ಉಂಟು" ಎಂದಾಗ ಹದಿನೈದು ದಿನ ಕಲಿತ ಹೆಣ್ಣುಮಗಳು "ಗಾಳಿ ಉಂಟು, ಇವತ್ತು ಬಿಡುವುದಿಲ್ಲ ಅಣ್ಣಾ" ಎನ್ನಬಲ್ಲಳೇ? ಅಂದರೆ ಅವಳ ಪರ ನಿಲ್ಲುವವರು ಯಾರು? ಹಾರಿಸಲು ಐದು ದಿನದಲ್ಲಿ ಕಲಿಸಬಹುದು. ಬೇಡವೆನ್ನುವ ಧೈರ್ಯವನ್ನು ಅವಳೊಬ್ಬಳಿಗೇ ಕಲಿಸಿದರೆ ಸಾಲದು, ಅದಕ್ಕೆ ಹತ್ತು ಮಂದಿಯ ಬೆಂಬಲ ಬೇಕು.

ನಮ್ಮ ಬೇಡಿಕೆಗಳು

ಆದುದರಿಂದ ಎಸ್ಟೇಟುಗಳ ಮುಂದೆ, ಪಂಚಾಯತಿನ ಮುಂದೆ, ಸರ್ಕಾರದ ಮುಂದೆ ನಾವು ಇಷ್ಟನ್ನು ಸ್ಪಷ್ಟವಾಗಿ ಇಡಬೇಕು.

ಒಂದು: ಹವೆಯ ಅಥವಾ ಜಾಗದ ಕಾರಣ ಕೊಟ್ಟು ಹಾರಲು ಒಪ್ಪದ ಪೈಲಟಿಗೆ, ಡ್ರೋನ್ ನಡೆಸುವವರಿಗೆ ಆ ದಿನದ ಸಂಬಳ ಕಡಿಯಬಾರದು, ಕೆಲಸ ತಪ್ಪಿಸಬಾರದು. ಇದು ಗುತ್ತಿಗೆಯ ಕಾಗದದಲ್ಲೇ ಬರೆದಿರತಕ್ಕದ್ದು.

ಎರಡು: ಯಾವ ತೋಟದ ಮೇಲಾದರೂ ಆಕಾಶದಿಂದ ಮದ್ದು ಬಿಡುವ ಮೊದಲು ಮದ್ದಿನ ಹೆಸರು, ದಿನ, ಹೊತ್ತು, ಎತ್ತರವನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಲೈನು ಮನೆಗಳ ಮುಂದೆ, ಅಂಗಡಿಗಳ ಮುಂದೆ ಅಂಟಿಸಬೇಕು. ಓದಲು ಬಾರದವರಿಗೆ ಬಾಯಿಮಾತಿನಲ್ಲಿ ಹೇಳಿಸಬೇಕು.

ಮೂರು: ಗುಡ್ಡೆ, ಸುರಂಗ, ತೋಡು ಇರುವ ಜಾಗಗಳನ್ನು ಊರಿನವರೊಂದಿಗೆ ನಡೆದು ನೋಡಿ, ಮದ್ದು ಬಿಡಬಾರದ ಗಡಿಯನ್ನು ಮೊದಲೇ ಗುರುತಿಸಬೇಕು. ನೀರನ್ನು ಮುಚ್ಚಿಕೊಳ್ಳಿ ಎಂದು ಜನರಿಗೆ ಹೇಳುವ ನಿಯಮ ನಮಗೆ ಬೇಡ. ನೀರಿನ ಮೇಲೆ ಹಾರಬೇಡಿ ಎಂದು ಯಂತ್ರಕ್ಕೆ ಹೇಳುವ ನಿಯಮ ಬೇಕು.

ನಾಲ್ಕು: ಸಿಂಪಡಣೆ ನಡೆಯುವಾಗ ಕೆಲಸದವರ ಪೈಕಿ ಒಬ್ಬರು, ಗಂಡಸಾಗಲಿ ಹೆಂಗಸಾಗಲಿ, ನೆಲದ ಮೇಲೆ ನಿಂತು ಗಾಳಿ ನೋಡುವವರಿರಬೇಕು. ಅವರು ಕೈ ಎತ್ತಿದರೆ ಯಂತ್ರ ಇಳಿಯತಕ್ಕದ್ದು. ಕಾರಣವನ್ನು ಆಮೇಲೆ ಚರ್ಚಿಸಬಹುದು.

ಐದು: ಹಾನಿಯಾದರೆ ನಡೆಸಿದವನನ್ನು ಹಿಡಿದು ಕೇಸು ಮುಗಿಸಬಾರದು. ಹಾರಲು ಹೇಳಿದವನು ಮೊದಲ ಆರೋಪಿಯಾಗಬೇಕು.

ಇವು ದೊಡ್ಡ ಬೇಡಿಕೆಗಳಲ್ಲ. ಮರ ಹತ್ತುವವನಿಗೆ ಕೊಂಬೆಯ ಬಲ ಗೊತ್ತು, ತೋಡು ದಾಟುವವಳಿಗೆ ನೀರಿನ ಸೆಳೆತ ಗೊತ್ತು. ಅಪಾಯದ ಹತ್ತಿರ ಇರುವವರ ಮಾತಿಗೆ ಮೊದಲ ಬೆಲೆ ಕೊಡಿರಿ ಎಂದಷ್ಟೇ ಕೇಳುತ್ತಿದ್ದೇವೆ.

ಮುಂದಿನ ಸಲ ನಿಮ್ಮ ತೋಟದ ಮೇಲೆ ಏನಾದರೂ ಗುಂಯ್‌ಗುಟ್ಟುತ್ತ ಬಂದರೆ ಮಕ್ಕಳನ್ನು ಒಳಗೆ ಕರೆದುಕೊಳ್ಳಿರಿ, ನೀರಿನ ಕೊಡ ಮುಚ್ಚಿರಿ. ಆ ಮೇಲೆ ಮ್ಯಾನೇಜರರ ಬಳಿಗೆ ಹೋಗಿರಿ, ಒಬ್ಬರೇ ಹೋಗಬೇಡಿ, ಹತ್ತು ಮಂದಿ ಕೂಡಿ ಹೋಗಿರಿ. ಯಾವ ಮದ್ದು, ಎಷ್ಟು ಎತ್ತರ, ಗಾಳಿ ಯಾವ ಕಡೆಗೆ, ಬೇಡವೆಂದು ಹೇಳುವ ಹಕ್ಕು ಇಂದು ಯಾರಿಗಿದೆ ಎಂದು ಕೇಳಿರಿ. ಉತ್ತರವನ್ನು ಬರೆದು ಕೊಡಲು ಹೇಳಿರಿ. ಬರೆದು ಕೊಡುವವರೆಗೆ ಅಲ್ಲಿಂದ ಏಳಬೇಡಿ.